ಅಪ್‌ಡೇಟ್: ಐವಿಎಫ್ ಜೊತೆಗೆ ಸ್ಟೀರಾಯ್ಡ್ ಮಾತ್ರೆ ಬೇಕೇ?

ನನ್ನ ಪ್ರಶ್ನೆ ಇದಾಗಿತ್ತು: ಐವಿಎಫ್‌ನಲ್ಲಿ (ದೇಹದ ಹೊರಗೆ ಭ್ರೂಣ ರೂಪಿಸಿ ಗರ್ಭಕೋಶದಲ್ಲಿ ಇಡುವ ಚಿಕಿತ್ಸೆ) ಭ್ರೂಣ ಪದೇ ಪದೇ ನಿಲ್ಲದಿದ್ದಾಗ ಸ್ಟೀರಾಯ್ಡ್ ಸೇರಿಸಲು ಅಧ್ಯಯನಗಳ ಒಟ್ಟು ಲೆಕ್ಕದಲ್ಲಿ ಆಧಾರವಿದೆಯೇ? "ಮೊದಲು ಯಾವ ಫಲಿತಾಂಶ ಎಣಿಸಿದ್ದಾರೆ ನೋಡಿ" ಎಂದವರಿಗೆ ತುಂಬು ಧನ್ಯವಾದ. ಗಂಟು ಬಿಚ್ಚಿದ್ದು ಅಲ್ಲೇ.

2012ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ತೂಗುವ ವರದಿ) 14 ಅಧ್ಯಯನಗಳು, 1,879 ದಂಪತಿಗಳು. ಗರ್ಭಧಾರಣೆಯ ಲೆಕ್ಕ 13 ಅಧ್ಯಯನಗಳದ್ದು. ಮಗು ಜೀವಂತ ಹುಟ್ಟಿದ ಲೆಕ್ಕ ಮೂರರದ್ದು ಮಾತ್ರ. ಆ ಮೂರರ ಆಡ್ಸ್ ರೇಶಿಯೊ (1 ಎಂದರೆ ವ್ಯತ್ಯಾಸವಿಲ್ಲ, ಹೆಚ್ಚಿದ್ದರೆ ಲಾಭ) 1.21, ಆದರೆ ವಿಶ್ವಾಸ ವ್ಯಾಪ್ತಿ (ನಿಜವಾದ ಅಂಕಿ ಇರಬಹುದಾದ ಮಿತಿ) 0.67ರಿಂದ 2.19. ಅಂದರೆ ಲಾಭವೂ ಇರಬಹುದು, ನಷ್ಟವೂ ಇರಬಹುದು. ಎಲ್ಲರೂ ಎತ್ತಿ ತೋರಿಸುವ 1.50 ಎಂಬ ಅಂಕಿ ಸಾಮಾನ್ಯ ಐವಿಎಫ್ ಮಾತ್ರ ಮಾಡಿಸಿಕೊಂಡವರ ಉಪಗುಂಪಿನ ಗರ್ಭಧಾರಣೆಯದು. ಅದರ ವ್ಯಾಪ್ತಿಯ ಕೆಳತುದಿ 1.05, 1ರ ಗೆರೆಗೆ ತಾಗಿದಂತೆಯೇ ಇದೆ. ಉಪಗುಂಪುಗಳನ್ನು ಒಡೆಯುತ್ತಾ ಹೋದರೆ ಎಲ್ಲೋ ಒಂದು ಕಡೆ ಲಾಭ ಆಕಸ್ಮಿಕವಾಗಿ ಕಂಡೇ ಕಾಣುತ್ತದೆ.

ನನ್ನ ಮಟ್ಟಿಗೆ ತಕ್ಕಡಿ ವಾಲಿಸಿದ್ದು 2023ರಲ್ಲಿ ಪ್ರಕಟವಾದ ಚೀನಾದ ಪ್ರಯೋಗ. ಎರಡು ಅಥವಾ ಹೆಚ್ಚು ಬಾರಿ ವಿಫಲರಾದ 715 ಮಹಿಳೆಯರಿಗೆ ದಿನಕ್ಕೆ 10 ಮಿ.ಗ್ರಾಂ. ಪ್ರೆಡ್ನಿಸೋನ್ ಎಂಬ ಸ್ಟೀರಾಯ್ಡ್ ಅಥವಾ ಹುಸಿಮಾತ್ರೆ. ಜೀವಂತ ಜನನ ಪ್ರೆಡ್ನಿಸೋನ್ ಗುಂಪಿನಲ್ಲಿ 37.8%, ಹುಸಿಮಾತ್ರೆಯ ಗುಂಪಿನಲ್ಲಿ 38.8%. ಅವಧಿಪೂರ್ವ ಹೆರಿಗೆ ಪ್ರೆಡ್ನಿಸೋನ್ ಗುಂಪಿನಲ್ಲಿ 11.8%, ಇನ್ನೊಂದರಲ್ಲಿ 5.5%. "ತಗೊಂಡರೆ ನಷ್ಟವೇನು?" ಎಂಬ ಮಾತಿಗೆ ಈ ಅಂಕಿಯನ್ನೇ ಮುಂದಿಡಬೇಕು.

ಒಂದು ಎಚ್ಚರಿಕೆ: ಲೂಪಸ್, ಆಸ್ತಮಾದಂಥ ಬೇರೆ ಕಾಯಿಲೆಗೆ ಸ್ಟೀರಾಯ್ಡ್ ತೆಗೆದುಕೊಳ್ಳುತ್ತಿರುವವರಿಗೆ ಈ ಲೆಕ್ಕ ಅನ್ವಯಿಸದು. ವಾರಗಟ್ಟಲೆ ನುಂಗಿದ ಮಾತ್ರೆಯನ್ನು ಥಟ್ಟನೆ ಬಿಡಲೇಬಾರದು. ವೈದ್ಯರು ಹೇಳಿದಂತೆ ಹಂತಹಂತವಾಗಿ ಇಳಿಸಬೇಕು.