ಸಹಾಯ ಬೇಕು: ಕಫ ಉಗುಳಲಾರದ ಮಗುವಿಗೆ ಕ್ಷಯದ ಪರೀಕ್ಷೆ

ನನ್ನ ನಾಲ್ಕು ವರ್ಷದ ಮಗಳಿಗೆ ಮೂರು ವಾರಗಳಿಂದ ಕೆಮ್ಮು ಬಿಟ್ಟಿಲ್ಲ, ತೂಕವೂ ಇಳಿದಿದೆ. ಜೊತೆಯಲ್ಲೇ ವಾಸವಿರುವ ಅವಳ ಅಜ್ಜನಿಗೆ ಶ್ವಾಸಕೋಶದ ಕ್ಷಯವಿರುವುದು ಈಚೆಗಷ್ಟೇ ಖಚಿತವಾಗಿದೆ. ಟ್ಯೂಬರ್ಕ್ಯುಲಿನ್ (ಕ್ಷಯದ ಸೋಂಕು ಪತ್ತೆಗೆ ಚರ್ಮದೊಳಗೆ ಕೊಡುವ ದ್ರವ) ಚುಚ್ಚಿ 72 ಗಂಟೆಗಳಾದ ಮೇಲೆ ವೈದ್ಯರು ಮುಂದೋಳಿನ ಕೆಂಪನ್ನು ಬಿಟ್ಟು, ಗಟ್ಟಿಯಾದ ಉಬ್ಬಿನ ಅಂಚನ್ನಷ್ಟೇ ಪೆನ್ನಿನಿಂದ ಗುರುತಿಸಿ ಅಳೆದಾಗ 12 ಮಿಲಿಮೀಟರ್ ಬಂತು, ಅಂದರೆ ಪಾಸಿಟಿವ್. ಆದರೆ ಅದು ಸೋಂಕನ್ನು ಸೂಚಿಸುತ್ತದೆಯೇ ಹೊರತು ರೋಗವನ್ನಲ್ಲ. ಎಕ್ಸ್-ರೇ ಅಸ್ಪಷ್ಟವಾಗಿದೆ. ಕಫವನ್ನು ಅವಳು ನುಂಗಿಬಿಡುವುದರಿಂದ (ಈ ವಯಸ್ಸಿನಲ್ಲಿ ಬೇರೇನು ನಿರೀಕ್ಷಿಸಲಾದೀತು), ಬೆಳಗಿನ ಖಾಲಿ ಹೊಟ್ಟೆಯಲ್ಲಿ ಮೂಗಿನಿಂದ ನಳಿಕೆ ಇಳಿಸಿ ಜಠರದ ದ್ರವ ತೆಗೆಯಬೇಕೆನ್ನುತ್ತಾರೆ. ಮಲದ ಮಾದರಿಯಲ್ಲೂ ಜೀನ್‌ಎಕ್ಸ್‌ಪರ್ಟ್ (ಕ್ಷಯದ ಬ್ಯಾಕ್ಟೀರಿಯಾದ ಡಿಎನ್‌ಎ ಹುಡುಕುವ) ಪರೀಕ್ಷೆ ಸಾಧ್ಯವಿರುವಾಗ ಮೊದಲು ಯಾವುದನ್ನು ಕೇಳುವುದು ಸೂಕ್ತ, ಮಕ್ಕಳಲ್ಲಿ ಬ್ಯಾಕ್ಟೀರಿಯಾಗಳು ವಿರಳವಾದ್ದರಿಂದ ಎರಡೂ ನೆಗೆಟಿವ್ ಬಂದರೆ ಲಕ್ಷಣ ಮತ್ತು ಸಂಪರ್ಕದ ಆಧಾರದ ಮೇಲೆಯೇ ಚಿಕಿತ್ಸೆ ಆರಂಭಿಸುತ್ತಾರೆಯೇ ಎಂಬುದನ್ನು ಬಲ್ಲವರು, ಮುಖ್ಯವಾಗಿ ಮಕ್ಕಳ ವೈದ್ಯರು, ದಯವಿಟ್ಟು ತಿಳಿಸಬೇಕು.