14 ತಿಂಗಳು ಚೆನ್ನಾಗಿದ್ದ ಮಗಳಿಗೆ ಹುಟ್ಟಿನಿಂದಲೇ ಜೀನ್ ದೋಷ ಇತ್ತು ಅಂದರೆ ಹೇಗೆ?

ಪುಟ್ಟಿಯ_ಅಪ್ಪ:

ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ಈಗ 3 ವರ್ಷ. ಹೋದ ತಿಂಗಳು ಜೀನ್ ಪರೀಕ್ಷೆಯ ರಿಪೋರ್ಟ್ ಬಂತು. ರೆಟ್ ಸಿಂಡ್ರೋಮ್, ಮಿದುಳಿನ ಬೆಳವಣಿಗೆಯ ಕಾಯಿಲೆ. ಎಂಇಸಿಪಿ2 ಅನ್ನುವ ಜೀನ್‌ನಲ್ಲಿ ಟಿ158ಎಂ ಅನ್ನುವ ಬದಲಾವಣೆ ಇದೆಯಂತೆ. ಇದು ಬೇರೆ ಜೀನ್‌ಗಳನ್ನು ನಿಯಂತ್ರಿಸುವ ಜೀನ್ ಎಂದು ಡಾಕ್ಟರ್ ಹೇಳಿದರು. ಆಗ ತಲೆ ಓಡಲಿಲ್ಲ, ಏನೂ ಕೇಳದೆ ಎದ್ದು ಬಂದೆ.

14 ತಿಂಗಳವರೆಗೆ ಅವಳು ಎಲ್ಲ ಮಕ್ಕಳ ಹಾಗೇ ಇದ್ದಳು. ರಟ್ಟಿನ ಚಿತ್ರಪುಸ್ತಕದ ಹಾಳೆಯನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದಳು. ಬೆಕ್ಕಿನ ಪುಟ ಬಂದರೆ "ಮ್ಯಾ" ಎನ್ನುತ್ತಿದ್ದಳು. ಆಮೇಲೆ ಮೊದಲು "ಮ್ಯಾ" ಹೋಯಿತು. ಹಿಂದೆಯೇ ಬೆರಳಿನ ಹಿಡಿತ ಹೋಯಿತು. ಈಗ ಎದ್ದಾಗಿನಿಂದ ಮಲಗುವವರೆಗೆ ಎರಡೂ ಕೈ ಎದೆಯ ಮುಂದೆ ಸೇರಿಸಿ ಉಜ್ಜುತ್ತಲೇ ಇರುತ್ತಾಳೆ, ಕೈ ತೊಳೆಯುವ ಹಾಗೆ. ಎಡಗೈ ಹೆಬ್ಬೆರಳಿನ ಬುಡದಲ್ಲಿ ಚರ್ಮ ಸುಲಿದು ಕೆಂಪಾಗಿದೆ.

ಜೀನ್ ಹುಟ್ಟಿನಿಂದಲೇ ಕೆಟ್ಟಿದ್ದರೆ ಆ 14 ತಿಂಗಳು ಹೇಗೆ ಚೆನ್ನಾಗಿದ್ದಳು? ಒಳಗೆ ನರಕೋಶಗಳು ಸಾಯುತ್ತಿವೆಯಾ? ಇನ್ನೊಂದು ವಿಷಯ. ಬಸುರಿಯಾಗಿದ್ದಾಗ ಬಂದ ಜ್ವರದಿಂದಲೇ ಹೀಗಾಯಿತು ಎಂದು ನನ್ನ ಹೆಂಡತಿ ಕೊರಗುತ್ತಿದ್ದಾಳೆ. ರಾತ್ರಿ ನಿದ್ದೆ ಮಾಡುತ್ತಿಲ್ಲ. ತಿಳಿದವರು ದಯವಿಟ್ಟು ಹೇಳಿ.

ಲ್ಯಾಬ್_ಅಕ್ಕ:

ಸರ್, ನಾನು ಡಾಕ್ಟರ್ ಅಲ್ಲ. ಇದೇ ಜೀನ್ ಇಲ್ಲದ ಇಲಿಗಳ ಮಿದುಳನ್ನು 6 ವರ್ಷ ಮೈಕ್ರೋಸ್ಕೋಪ್‌ನಲ್ಲಿ ನೋಡಿದವಳು. ನಿಮ್ಮ ಎರಡನೇ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ, ಅದಕ್ಕಾಗಿ ನೀವು ಕಾಯುವುದು ಬೇಡ. ನರಕೋಶಗಳು ಸಾಯುತ್ತಿಲ್ಲ.

ನರಕೋಶಕ್ಕೆ ಮರದ ಹಾಗೆ ಕೊಂಬೆಗಳಿರುತ್ತವೆ. ಕೊಂಬೆಯ ಮೈತುಂಬ ಮೊಗ್ಗಿನಂಥ ಸಣ್ಣ ಉಬ್ಬುಗಳು. ಪಕ್ಕದ ಕೋಶ ಕಳಿಸುವ ಸಂದೇಶ ಬಂದು ತಲುಪುವುದು ಹೆಚ್ಚಾಗಿ ಅಲ್ಲೇ. ಆರೋಗ್ಯವಾಗಿರುವ ಇಲಿಯಲ್ಲಿ ಈ ಮೊಗ್ಗುಗಳು ಒತ್ತೊತ್ತಾಗಿ ಕಾಣುತ್ತಿದ್ದವು. ನಮ್ಮ ಇಲಿಗಳಲ್ಲಿ ಕೋಶವೇ ಚಿಕ್ಕದು, ಮೊಗ್ಗುಗಳೂ ಕಡಿಮೆ. ಆದರೆ ಕೋಶ ಬದುಕಿತ್ತು. ಮೊದಲ ಸಲ ನೋಡಿದಾಗ ನನಗೆ ಅಳು ಬಂದಿತ್ತು, ಎಲ್ಲವೂ ಅಲ್ಲೇ ಇದೆಯಲ್ಲ ಎಂದು.

ಈಗ ನಿಯಂತ್ರಣದ ವಿಷಯ. ನಮ್ಮ ಚರ್ಮದ ಕೋಶದಲ್ಲೂ ನರಕೋಶದಲ್ಲೂ ಇರುವುದು ಅದೇ ಜೀನ್‌ಗಳು. ಪ್ರೋಟೀನ್ ಮಾಡುವಂಥವು ಸುಮಾರು 20,000. ಯಾವುದನ್ನು ಎಷ್ಟು ಬಳಸಬೇಕು ಅನ್ನುವುದರಲ್ಲೇ ವ್ಯತ್ಯಾಸ. ಕಡಿಮೆ ಬಳಸಬೇಕಾದ ಕಡೆ ಡಿಎನ್‌ಎ ಮೇಲೆ ಮೀಥೈಲ್ ಅನ್ನುವ ಚಿಕ್ಕ ರಾಸಾಯನಿಕ ಗುರುತು ಅಂಟಿಕೊಂಡಿರುತ್ತದೆ. ಎಂಇಸಿಪಿ2 ಪ್ರೋಟೀನ್ ಆ ಗುರುತನ್ನು ಹಿಡಿದು ಕೂರುತ್ತದೆ, ಬೇರೆ ಪ್ರೋಟೀನ್‌ಗಳನ್ನು ಕರೆದು ಅಲ್ಲಿಯ ಜೀನ್‌ನ ಕೆಲಸ ತಗ್ಗಿಸುತ್ತದೆ. ನಿಮ್ಮ ರಿಪೋರ್ಟ್‌ನ ಟಿ158ಎಂ ಅಂದರೆ, ಆ ಪ್ರೋಟೀನ್‌ನ 158ನೇ ಜಾಗದಲ್ಲಿ ಥ್ರಿಯೋನಿನ್ ಅನ್ನುವ ಅಮೈನೋ ಆಮ್ಲ (ಪ್ರೋಟೀನ್ ಕಟ್ಟುವ ತುಣುಕು) ಇರಬೇಕಿತ್ತು, ಮೆಥಿಯೋನಿನ್ ಅನ್ನುವ ಬೇರೆ ತುಣುಕು ಬಂದಿದೆ. ಗುರುತನ್ನು ಹಿಡಿಯುವ ಭಾಗದಲ್ಲೇ ಈ ಜಾಗ ಇರುವುದು. ಹಾಗಾಗಿ ಹಿಡಿತ ಸಡಿಲ. ಇದರಿಂದ ಯಾವುದೋ ಒಂದು ಜೀನ್ ಪೂರ್ತಿ ನಿಂತುಹೋಗುವುದಿಲ್ಲ. ಬಹಳಷ್ಟು ಜೀನ್‌ಗಳು ಸ್ವಲ್ಪ ಸ್ವಲ್ಪ ಹೆಚ್ಚುಕಡಿಮೆಯಾಗುತ್ತವೆ. ಆ ಸ್ವಲ್ಪವೇ ನರಕೋಶಕ್ಕೆ ತಡೆದುಕೊಳ್ಳಲು ಆಗದು.

14 ತಿಂಗಳ ಪ್ರಶ್ನೆ ಕೇಳಿದಿರಲ್ಲ, ನನಗೆ ಅತಿ ಮುಖ್ಯ ಅನಿಸುವುದು ಅದೇ. ಎಳೆಯ ನರಕೋಶದಲ್ಲಿ ಈ ಪ್ರೋಟೀನ್ ಕಡಿಮೆ ಇರುತ್ತದೆ. ಕೋಶ ಬಲಿತು ಸಂಪರ್ಕಗಳನ್ನು ಕಟ್ಟುತ್ತಾ ಹೋದ ಹಾಗೆ ಜಾಸ್ತಿಯಾಗುತ್ತದೆ. ಅದು ಹಿಡಿಯಬೇಕಾದ ಗುರುತುಗಳಲ್ಲಿ ಒಂದು ಬಗೆಯವು ನರಕೋಶದ ಡಿಎನ್‌ಎ ಮೇಲೆ ತುಂಬಿಕೊಳ್ಳುವುದೇ ಹುಟ್ಟಿದ ಮೇಲೆ, ಮೊದಲ ಒಂದೆರಡು ವರ್ಷಗಳಲ್ಲಿ ಬೇಗ ಬೇಗ. ಅಂದರೆ ದೋಷ ಮೊದಲೇ ಇತ್ತು, ಆದರೆ ಆ ಪ್ರೋಟೀನ್‌ಗೆ ನಿಜವಾದ ಕೆಲಸ ಬಿದ್ದಿದ್ದು ಆಮೇಲೆ. ಆ 14 ತಿಂಗಳಲ್ಲಿ ನೀವು ಕಂಡಿದ್ದು ಸುಳ್ಳಲ್ಲ ಸರ್. ಅವಳು ನಿಜವಾಗಿಯೂ ಪುಟ ತಿರುಗಿಸಿದಳು, ನಿಜವಾಗಿಯೂ "ಮ್ಯಾ" ಎಂದಳು.

ಕಿರಣನ_ಅಮ್ಮ:

ನನ್ನ ಮಗನದು ಏಂಜೆಲ್‌ಮನ್ ಸಿಂಡ್ರೋಮ್, ಬೇರೆ ಕಾಯಿಲೆ. ಆದರೂ ನಿಮ್ಮ ಪ್ರಶ್ನೆ ನನ್ನದೂ ಆಗಿತ್ತು. ಅವನಲ್ಲಿ ಯುಬಿಇ3ಎ ಎಂಬ ಜೀನ್‌ನ ನನ್ನ ಕಡೆಯ ಪ್ರತಿ ಇಲ್ಲ. ಅಪ್ಪನ ಕಡೆಯ ಪ್ರತಿ ಸರಿಯಾಗಿಯೇ ಇದೆ. ಆದರೆ ನರಕೋಶದಲ್ಲಿ ಅಪ್ಪನ ಪ್ರತಿಯ ಬಾಯಿ ಕಟ್ಟಿರುತ್ತದೆ, ಎಲ್ಲರಲ್ಲೂ ಹಾಗೆಯೇ. ಆ ಮಲಗಿರುವ ಪ್ರತಿಯನ್ನು ಎಬ್ಬಿಸುವ ಔಷಧಿಗಳನ್ನು ಈಗ ಮಕ್ಕಳಲ್ಲಿ ಪರೀಕ್ಷೆ ಮಾಡುತ್ತಿದ್ದಾರೆ.

ಒಂದು ಮಾತು. ರೆಟ್ ಇರುವ ಹೆಣ್ಣುಮಕ್ಕಳು ಕಣ್ಣಲ್ಲಿ ಮಾತಾಡುತ್ತಾರೆ. ನಮ್ಮ ಥೆರಪಿ ಕೊಠಡಿಗೆ ಬರುವ ಹುಡುಗಿಯೊಬ್ಬಳು ಎರಡು ಚಿತ್ರ ಹಿಡಿದರೆ ಬೇಕಾದ್ದನ್ನು ನೋಡುತ್ತಾಳೆ. ಸ್ವಲ್ಪ ಹೊತ್ತು ಬೇಕು ಅವಳಿಗೆ. ನಾವು ಅವಸರ ಮಾಡಿ ಚಿತ್ರ ತೆಗೆದುಬಿಟ್ಟರೆ ಉತ್ತರ ತಪ್ಪಿಹೋಗುತ್ತದೆ. ನೀವೂ ಮಾಡಿ ನೋಡಿ.

ಪುಟ್ಟಿಯ_ಅಪ್ಪ:

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಕೋಶ ಬದುಕಿದೆ ಅಂದರೆ ಸರಿಯಾದ ಜೀನ್ ಕೊಟ್ಟರೆ ಸರಿಹೋಗಬಹುದಾ? ಮತ್ತೆ ಆ ಜ್ವರದ ವಿಷಯ?

ಲ್ಯಾಬ್_ಅಕ್ಕ:

ಇಲಿಯಲ್ಲಿ ಆಗಿದೆ. 2007ರಲ್ಲಿ ಏಡ್ರಿಯನ್ ಬರ್ಡ್ ಅನ್ನುವ ವಿಜ್ಞಾನಿಯ ತಂಡ ಈ ಜೀನ್ ಅನ್ನು ಮುಚ್ಚಿಟ್ಟ ಇಲಿಗಳನ್ನು ಬೆಳೆಸಿತು. ಕಾಯಿಲೆ ಚೆನ್ನಾಗಿ ಕಾಣಿಸಿಕೊಂಡ ಮೇಲೆ ಜೀನ್ ಅನ್ನು ಮತ್ತೆ ತೆರೆಯಿತು. ನಡುಗುತ್ತಿದ್ದ, ನಡೆಯಲಾಗದ ಇಲಿಗಳು ಚೇತರಿಸಿಕೊಂಡವು. ಆದರೆ ಒಮ್ಮೆಲೇ ತೆರೆದಾಗ ಕೆಲವು ಸತ್ತೂ ಹೋದವು. ಈ ಪ್ರೋಟೀನ್ ಕಡಿಮೆಯಾದರೂ ಕಷ್ಟ, ಜಾಸ್ತಿಯಾದರೂ ಕಷ್ಟ. ಈ ಜೀನ್ ಎರಡು ಪಟ್ಟಾಗಿ ಹುಟ್ಟುವ ಗಂಡುಮಕ್ಕಳಿಗೆ ಬೇರೆಯೇ ಒಂದು ಗಂಭೀರ ಕಾಯಿಲೆ ಬರುತ್ತದೆ. ಅದರ ಜೊತೆಗೆ ಇನ್ನೊಂದು ತೊಡಕು. ಜೀನ್ ಇರುವುದು ಎಕ್ಸ್ ಕ್ರೋಮೋಸೋಮ್‌ನಲ್ಲಿ. ಹೆಣ್ಣುಮಕ್ಕಳ ಪ್ರತಿ ಕೋಶವೂ ಎರಡರಲ್ಲಿ ಒಂದು ಎಕ್ಸ್ ಅನ್ನು ಮುಚ್ಚಿಡುತ್ತದೆ. ಹಾಗಾಗಿ ನಿಮ್ಮ ಮಗಳ ಮಿದುಳಿನಲ್ಲಿ ಒಳ್ಳೆಯ ಪ್ರತಿ ಓದುವ ಕೋಶಗಳೂ ಇವೆ, ಪಕ್ಕದಲ್ಲೇ ಕೆಟ್ಟದ್ದನ್ನು ಓದುವ ಕೋಶಗಳೂ ಇವೆ. ಹೊರಗಿನಿಂದ ಕೊಡುವ ಜೀನ್ ಒಳ್ಳೆಯ ಕೋಶಕ್ಕೆ ಜಾಸ್ತಿ ಹೋಗಬಾರದು. ಜೀನ್ ಚಿಕಿತ್ಸೆಯ ಪ್ರಯೋಗಗಳು ಮನುಷ್ಯರಲ್ಲಿ ಶುರುವಾಗಿವೆ, ಅಳತೆಯನ್ನು ಹಿಡಿತದಲ್ಲಿಡುವುದೇ ಅಲ್ಲಿಯ ದೊಡ್ಡ ಕೆಲಸ. ಟ್ರೋಫಿನೆಟೈಡ್ ಅನ್ನುವ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದೆ. ಅದು ಜೀನ್ ಸರಿಮಾಡುವುದಿಲ್ಲ, ಲಕ್ಷಣಗಳಿಗೆ ಸ್ವಲ್ಪ ಸಹಾಯ. ಭೇದಿ ಜಾಸ್ತಿ ಆಗುತ್ತದೆ. ನಿಮ್ಮ ಡಾಕ್ಟರನ್ನು ಕೇಳಿ.

ಜ್ವರಕ್ಕೂ ಇದಕ್ಕೂ ಸಂಬಂಧ ಇಲ್ಲ. ಒಂದೇ ಒಂದು ಅಕ್ಷರದ ನಕಲು ತಪ್ಪು ಇದು. ಹೆಚ್ಚಿನ ಮಕ್ಕಳಲ್ಲಿ ಅದು ಹೊಸದಾಗಿ ಆಗಿರುತ್ತದೆ, ಅದೂ ಬಹುಪಾಲು ತಂದೆಯ ವೀರ್ಯಾಣು ತಯಾರಾಗುವಾಗ. ಯಾರೂ ಏನೂ ಮಾಡಿ ಆಗಿದ್ದಲ್ಲ, ಯಾರೂ ತಡೆಯಲೂ ಆಗುತ್ತಿರಲಿಲ್ಲ. ಇನ್ನೊಂದು ಮಗುವಿನ ಯೋಚನೆ ಇದ್ದರೆ ಮಾತ್ರ ನಿಮ್ಮಿಬ್ಬರ ಪರೀಕ್ಷೆ ಮಾಡಿಸಿ, ಜೆನೆಟಿಕ್ ಕೌನ್ಸೆಲರ್ ಹತ್ತಿರ ಮಾತಾಡಿ.

ಪುಟ್ಟಿಯ_ಅಪ್ಪ:

ನಿನ್ನೆ ರಾತ್ರಿ ಇದನ್ನು ಹೆಂಡತಿಗೆ ಓದಿ ಹೇಳಿದೆ. "ಜ್ವರದಿಂದ ಅಲ್ವಂತೆ, ಬಹುಶಃ ನನ್ನ ಕಡೆಯಿಂದಲೇ ಬಂದಿರಬೇಕು" ಎಂದೆ. ತುಂಬಾ ಹೊತ್ತು ಅತ್ತಳು. ಆಮೇಲೆ ಮಲಗಿದಳು, ಬೆಳಗ್ಗೆ 7 ಗಂಟೆವರೆಗೂ ಏಳಲಿಲ್ಲ.

ಬೆಳಗ್ಗೆ ಪುಸ್ತಕ ತೆಗೆದು ಬೆಕ್ಕಿನ ಪುಟ, ಚೆಂಡಿನ ಪುಟ ಎರಡನ್ನೂ ಬಿಡಿಸಿ ಮಗಳ ಮುಂದೆ ಹಿಡಿದೆ. ಕೈ ಉಜ್ಜುತ್ತಲೇ ಇದ್ದಳು. ನಾನು ಮನಸ್ಸಿನಲ್ಲೇ 20 ಎಣಿಸಿದೆ. ಬೆಕ್ಕಿನ ಕಡೆ ನೋಡಿದಳು. ಪುಟಗಳ ಜಾಗ ಬದಲಿಸಿ ಮತ್ತೆ ಹಿಡಿದೆ. ಮತ್ತೆ ಬೆಕ್ಕನ್ನೇ ನೋಡಿದಳು.