ನಡು ಬೈತಲೆ ಬಿಟ್ಟು ಬೇರೆ ಹೇಗೆ ತೆಗೆಯೋದು? ಅನುಭವ ಇದ್ದವರು ಹೇಳಿ

ಕೇಳಿದವರು, ಶಿವಮೊಗ್ಗ

ಸ್ಕೂಲಿಗೆ ಎರಡು ಜಡೆ ಹಾಕ್ಕೊಂಡು ಹೋಗ್ತಿದ್ದ ಕಾಲದಿಂದ ನನ್ನದು ನಡು ಬೈತಲೆ. ಈಗ ಮೂವತ್ತೈದು ದಾಟಿದೆ. ಇತ್ತೀಚೆಗೆ ಫೋಟೊ ನೋಡಿದಾಗೆಲ್ಲ ಬೈತಲೆ ಅಗಲ ಆಗಿರೋ ಹಾಗೆ ಕಾಣತ್ತೆ. ಪಕ್ಕಕ್ಕೆ ತೆಗೆದ್ರೆ ಮಧ್ಯಾಹ್ನದ ಹೊತ್ತಿಗೆ ಕೂದಲು ತಾನಾಗೇ ವಾಪಸ್ ನಡುವಿಗೆ ಬಂದಿರತ್ತೆ. ಕ್ಲಿಪ್ಪು ಹಾಕಿದ್ರೆ ಮನೇಲಿ ನಗ್ತಾರೆ. ಮುಖ ದುಂಡಗೆ, ಕೂದಲು ತೆಳು, ನೇರ, ಅರ್ಧ ಬೆನ್ನಿನವರೆಗೆ ಇದೆ. ಮುಂದಿನ ತಿಂಗಳು ತಂಗಿ ಮದುವೆ, ಬೈತಲೆ ಬೊಟ್ಟು ಇಡಲೇಬೇಕು ಅಂತ ಅಮ್ಮನ ಹಟ. ಯಾವ್ಯಾವ ಥರ ಬೈತಲೆ ತೆಗೀಬಹುದು, ತೆಗೆದದ್ದು ನಿಲ್ಲೋ ಹಾಗೆ ಏನು ಮಾಡ್ತೀರಿ?

ಪಾರ್ಲರ್ ನಡೆಸುವವರು, ದಾವಣಗೆರೆ

ಮೊದಲು ನಿಮ್ಮ ಕೂದಲು ತಾನಾಗೇ ಯಾವ ಕಡೆ ಬೀಳತ್ತೆ ಅಂತ ತಿಳ್ಕೊಳ್ಳಿ. ತಲೆಗೆ ಸ್ನಾನ ಮಾಡಿ, ಒದ್ದೆ ಇದ್ದಾಗಲೇ ಪೂರ್ತಿ ಹಿಂದಕ್ಕೆ ಬಾಚಿ. ಆಮೇಲೆ ನೆತ್ತಿ ಮೇಲೆ ಅಂಗೈ ಇಟ್ಟು ಮೆಲ್ಲಗೆ ಮುಂದಕ್ಕೆ ತಳ್ಳಿ. ಮುಂದೆ ಎಲ್ಲಿ ಸೀಳು ಬಿಡತ್ತೋ ಅದೇ ನಿಮ್ಮ ಹುಟ್ಟು ಬೈತಲೆ. ನಮ್ಮದು ನಡು ಬೈತಲೆ ಅಂತ ಹೇಳ್ಕೊಂಡು ಬರೋ ಎಷ್ಟೋ ಜನಕ್ಕೆ ಅದು ಬೆರಳಗಲ ಎಡಕ್ಕೋ ಬಲಕ್ಕೋ ಇರತ್ತೆ. ನೆತ್ತಿ ಹಿಂದಿನ ಸುಳಿ ತಿರುಗಿದ ಕಡೆಗೆ ಕೂದಲು ವಾಲತ್ತೆ, ಹೆಚ್ಚಿನವರಿಗೆ ಅದು ಗಡಿಯಾರದ ಮುಳ್ಳು ತಿರುಗೋ ದಿಕ್ಕಲ್ಲಿರತ್ತೆ. ಎರಡು ಸುಳಿ ಇದ್ದರೆ ಎರಡು ಮದುವೆ ಅನ್ನೋ ಮಾತು ಪಕ್ಕಕ್ಕಿಡಿ. ಎರಡು ಸುಳಿ ಇದ್ದವರಿಗೆ ಬೈತಲೆ ಹಿಂದಿನವರೆಗೆ ನೆಟ್ಟಗೆ ಬರಲ್ಲ, ನನಗೆ ಗೊತ್ತಿರೋದು ಅಷ್ಟೇ.

ಜಾಗ ಗೊತ್ತು ಮಾಡೋಕೆ ನಾವು ಮುಖವನ್ನೇ ಅಳತೆಕೋಲು ಮಾಡ್ಕೋತೀವಿ. ಮೂಗಿನ ನೇರಕ್ಕೆ ತೆಗೆದ್ರೆ ನಡು ಬೈತಲೆ. ಹುಬ್ಬು ಕಮಾನಾಗಿ ಎದ್ದಿರೋ ಜಾಗದ ನೇರಕ್ಕೆ ತೆಗೆದ್ರೆ ಸಾಧಾರಣ ಓರೆ. ಹುಬ್ಬಿನ ಹೊರತುದಿಯ ನೇರಕ್ಕೆ ತೆಗೆದ್ರೆ ಡೀಪ್ ಸೈಡ್. ದುಂಡು ಮುಖಕ್ಕೆ ಓರೆ ಚೆನ್ನ, ಮುಂದಲೆ ಒಂದು ಕಡೆ ಎದ್ದು ನಿಂತು ಮುಖ ಸ್ವಲ್ಪ ಉದ್ದ ಕಾಣತ್ತೆ. ಡೀಪ್ ಸೈಡ್ ಮಾತ್ರ ನಿಮಗೆ ಬೇಡ. ದಟ್ಟ ಕೂದಲಿನವರಿಗೆ ಅದು ಒಪ್ಪತ್ತೆ. ತೆಳು ಕೂದಲಲ್ಲಿ ಕಮ್ಮಿ ಇರೋ ಪಕ್ಕ ಸೊರಗಿ, ಕಿವಿ ಮೇಲೆ ಬುರುಡೆ ಬೆಳ್ಳಗೆ ಕಾಣತ್ತೆ.

ನಾನಾದ್ರೆ ನಿಮಗೆ ಅಡ್ಡ ಓರೆ ತೆಗೀತೀನಿ. ಹುಬ್ಬಿನ ಕಮಾನಿನ ನೇರಕ್ಕೆ ಶುರು ಮಾಡಿ, ಸೀದಾ ಹಿಂದಕ್ಕೆ ಎಳೆಯದೆ, ಓರೆಯಾಗಿ ಸುಳಿ ಕಡೆ ಎಳೆಯೋದು. ಗೆರೆ ಉದ್ದಕ್ಕೆ ಬಾಯಿ ಬಿಟ್ಕೊಂಡು ನಿಲ್ಲಲ್ಲ, ಮೇಲಿನ ಕೂದಲು ಅದರ ಮೇಲೆ ಬೀಳತ್ತೆ. ಫ್ಯಾನ್ಸಿ ಸ್ಟೋರಲ್ಲಿ ಹಿಂದೆ ಕಡ್ಡಿ ಇರೋ ಬಾಚಣಿಗೆ ಕೇಳಿ, ಮೊಂಡು ತುದಿಯದ್ದು. ಸಿಕ್ಕು ಪೂರ್ತಿ ಬಿಡಿಸಿದ ಮೇಲೆ ಕಡ್ಡಿ ತುದಿಯನ್ನ ಹಣೆಯಂಚಲ್ಲಿ ಬುರುಡೆಗೆ ತಾಗಿಸಿ, ಒತ್ತದೆ, ಒಂದೇ ಸಲಕ್ಕೆ ಸುಳಿವರೆಗೆ ಎಳೀರಿ. ನಡುವೆ ಕೈ ನಿಂತರೆ ಅಲ್ಲೇ ಸೊಟ್ಟ. ಕಡ್ಡಿಯನ್ನ ಅಲ್ಲೇ ಬಿಟ್ಟು ಇನ್ನೊಂದು ಕೈಯಿಂದ ಒಂದು ಪಕ್ಕದ ಕೂದಲನ್ನೆಲ್ಲ ಎತ್ತಿ ಆ ಕಡೆ ಹಾಕಿ. ಗೆರೆ ದಾಟಿ ಬಂದ ನಾಲ್ಕಾರು ಎಳೆ ಉಳಿದಿರತ್ತೆ. ಅದನ್ನ ಬಾಚೋಕೆ ಹೋಗಬೇಡಿ, ಬಾಚಿದ್ರೆ ಹೊಸ ಗೆರೆ ಹುಟ್ಟತ್ತೆ. ಕಡ್ಡಿ ತುದಿಗೆ ಸಿಕ್ಕಿಸಿ ಒಂದೊಂದೇ ದಾಟಿಸಿ.

ಅಗಲ ಮುಚ್ಚೋದೇ ಮುಖ್ಯ ಅಂದ್ರೆ ಅಂಕುಡೊಂಕು ಬೈತಲೆ. ಕಡ್ಡಿಯನ್ನ ಸೀದಾ ಎಳೆಯೋ ಬದಲು ಒಂದು ಸೆಂಟಿಮೀಟರ್ ಎಡಕ್ಕೆ, ಒಂದು ಸೆಂಟಿಮೀಟರ್ ಬಲಕ್ಕೆ ಹಾವಾಡಿಸ್ತಾ ಹಿಂದಕ್ಕೆ ಹೋಗಿ. ತೀರಾ ನೀಟಾಗಿ ಬಂದ್ರೆ ಪಾರ್ಲರಿಂದ ಈಗಷ್ಟೇ ಎದ್ದು ಬಂದ ಹಾಗೆ ಕಾಣತ್ತೆ, ಸ್ವಲ್ಪ ಅಡ್ಡಾದಿಡ್ಡಿ ಇರಲಿ.

ನಿಲ್ಲಿಸೋ ವಿಷಯ. ಕೂದಲಿನ ಬುಡ ಒಣಗುವಾಗ ಯಾವ ಕಡೆ ಮಲಗಿರತ್ತೋ ಆ ಕಡೆಗೇ ಉಳಿಯತ್ತೆ. ಅದಕ್ಕೆ ಒದ್ದೆ ಇದ್ದಾಗಲೇ ಹೊಸ ಬೈತಲೆ ತೆಗೆದು, ಬುಡದ ಹತ್ತಿರ ಎರಡು ಚಪ್ಪಟೆ ಕ್ಲಿಪ್ಪು ಹಾಕಿ ಒಣಗೋಕೆ ಬಿಡಿ. ಡ್ರೈಯರ್ ಇದ್ದರೆ ಬುಡದ ಕೂದಲನ್ನ ಮೊದಲು ಎಡಕ್ಕೆ, ಆಮೇಲೆ ಬಲಕ್ಕೆ ಒತ್ತಿ ಒಣಗಿಸಿ, ಕೊನೆಗೆ ಬೇಕಾದ ಕಡೆ ತಂದು ತಣ್ಣನೆ ಗಾಳಿ ಕೊಡಿ. ಎಷ್ಟೋ ವರ್ಷದ ಅಭ್ಯಾಸ ಒಂದೇ ವಾರಕ್ಕೆ ಹೋಗಲ್ಲ, ಕೆಲವು ವಾರ ಬೇಕು. ಇನ್ನೊಂದು, ಎಣ್ಣೆ ಹಚ್ಚಿಕೊಂಡು ಬೈತಲೆ ತೆಗೆದು ಆಚೆ ಹೋಗಬೇಡಿ. ಎಳೆಗಳೆಲ್ಲ ಒಂದಕ್ಕೊಂದು ಅಂಟಿ, ಇರೋದಕ್ಕಿಂತ ಎರಡರಷ್ಟು ಅಗಲ ಕಾಣತ್ತೆ.

ಗುಂಗುರು ಕೂದಲಿನವಳು, ಮಂಗಳೂರು

ಮೇಲಿನವರು ಹೇಳಿದ ಕಡ್ಡಿ ಬಾಚಣಿಗೆ ನಮ್ಮಂಥವರಿಗೆ ಆಗುವುದಿಲ್ಲ ಮಾರಾಯ್ರೆ. ಒಣಗಿದ ಗುಂಗುರಿನಲ್ಲಿ ಗೆರೆ ಎಳೆದರೆ ಎರಡೂ ಬದಿ ಉಬ್ಬಿ ನಿಲ್ಲುತ್ತದೆ. ಕಂಡಿಷನರ್ ಹಾಕಿ ಒದ್ದೆ ಇರುವಾಗ ಬೆರಳಿನಿಂದಲೇ ಬೈತಲೆ ಬಿಡಿಸಿ, ಆಮೇಲೆ ಒಣಗುವವರೆಗೆ ಮುಟ್ಟಬೇಡಿ. ನಮ್ಮ ಊರಿನ ಸೆಕೆಗೆ ಗೆರೆ ಹೇಗೂ ಸಂಜೆಗೆ ಮುಚ್ಚಿ ಹೋಗುತ್ತದೆ, ಚಿಂತೆ ಇಲ್ಲ.

ಚರ್ಮರೋಗದ ಕ್ಲಿನಿಕ್‌ನಲ್ಲಿ ನರ್ಸ್, ಬೆಂಗಳೂರು

ಬೈತಲೆ ಜಾಗ ಬದಲಾಯಿಸಿ, ಒಳ್ಳೇದೇ. ಆದ್ರೆ ಅಗಲ ಯಾಕಾಯ್ತು ಅಂತಲೂ ನೋಡಿಸಿ. ಮನೇಲೇ ಮಾಡಬಹುದಾದ ಒಂದು ಪರೀಕ್ಷೆ ಇದೆ. ನೆತ್ತಿ ಮೇಲೊಂದು ಬೈತಲೆ ತೆಗೀರಿ, ತಲೆ ಹಿಂಭಾಗದಲ್ಲಿ ಇನ್ನೊಂದು ತೆಗೀರಿ, ಯಾರ ಕೈಲಾದ್ರೂ ಎರಡರದ್ದೂ ಫೋಟೊ ತೆಗೆಸಿ. ಹಿಂದಿನದು ಸಣ್ಣ ಗೆರೆ, ಮೇಲಿನದು ಅಗಲ, ಅದರಲ್ಲೂ ಮುಂದೆ ಅಗಲವಾಗಿ ಹಿಂದಕ್ಕೆ ಹೋಗ್ತಾ ಕಿರಿದಾದ್ರೆ ಅದು ಹೆಂಗಸರಲ್ಲಿ ವಂಶಪಾರಂಪರ್ಯವಾಗಿ ಬರೋ ತೆಳುವಾಗುವಿಕೆ ಇರಬಹುದು. ಕ್ರಿಸ್‌ಮಸ್ ಮರದ ಆಕಾರ ಅಂತ ಡಾಕ್ಟರುಗಳು ಹೇಳೋದು ಅದಕ್ಕೇ. ಗಂಡಸರ ಹಾಗೆ ಹಣೆಯಂಚು ಹಿಂದೆ ಸರಿಯೋದು ಇದರಲ್ಲಿ ಕಮ್ಮಿ, ಬೈತಲೆ ಅಗಲ ಆಗೋದೇ ಮೊದಲ ಗುರುತು. 1977ರಲ್ಲಿ ಲುಡ್ವಿಗ್ ಅನ್ನೋ ಜರ್ಮನ್ ವೈದ್ಯರು ಇದನ್ನ ಮೂರು ಹಂತ ಮಾಡಿದ್ರು, ಈಗಲೂ ಅದನ್ನೇ ಬಳಸ್ತಾರೆ.

ಎಲ್ಲಾ ಕಡೆ ಒಂದೇ ಸಮ ಉದುರ್ತಿದ್ರೆ ಕಾರಣ ಬೇರೆ. ಹೆರಿಗೆ, ಜೋರು ಜ್ವರ, ಆಪರೇಷನ್, ಊಟ ಬಿಟ್ಟು ಸಣ್ಣಗಾಗೋದು, ಇವೆಲ್ಲ ಆಗಿ ಎರಡು ಮೂರು ತಿಂಗಳಾದ ಮೇಲೆ ಉದುರೋಕೆ ಶುರುವಾಗತ್ತೆ. ಅಷ್ಟರಲ್ಲಿ ಜ್ವರ ಮರೆತೇ ಹೋಗಿರತ್ತೆ, ಶಾಂಪೂ ಮೇಲೆ ತಪ್ಪು ಹೊರಿಸ್ತಾರೆ. ಸಾಮಾನ್ಯವಾಗಿ ಅದು ತಾನಾಗೇ ಸರಿಹೋಗತ್ತೆ. ಡಾಕ್ಟರು ರಕ್ತ, ಫೆರಿಟಿನ್ (ಮೈಯಲ್ಲಿ ಕಬ್ಬಿಣದಂಶ ಎಷ್ಟು ಶೇಖರವಾಗಿದೆ ಅಂತ ನೋಡೋದು), ಥೈರಾಯ್ಡ್ ಪರೀಕ್ಷೆ ಬರೆದುಕೊಡಬಹುದು. ಕೂದಲು ಬೆಳೆಯೋಕೆ ತಲೆಗೆ ಹಚ್ಚೋ ಮಿನಾಕ್ಸಿಡಿಲ್ ಅನ್ನೋ ಔಷಧಿಯನ್ನ ಯಾರೋ ಹೇಳಿದ್ರು ಅಂತ ಅಂಗಡಿಯಿಂದ ತಂದು ಹಚ್ಚಬೇಡಿ, ಗರ್ಭಿಣಿಯರಂತೂ ಮುಟ್ಟಲೇಬಾರದು. ಕೂದಲು ಬೆಳೆಯೋದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್, ಹಾಗಾಗಿ ಯಾವ ಚಿಕಿತ್ಸೆಯಾದ್ರೂ ಹದಿನೈದು ದಿನಕ್ಕೆ ಕನ್ನಡಿ ನೋಡಿ ಬೇಜಾರಾಗೋದು ಬೇಡ.

ಬಿಗಿಯಾಗಿ ಎಳೆದು ಒಂದೇ ಜಾಗದಲ್ಲಿ ಬೈತಲೆ ತೆಗೆದು ಜಡೆ ಹಾಕೋದೂ ಒಂದು ಕಾರಣ. ಬುಡದಲ್ಲಿ ನೋವು, ಸಣ್ಣ ಗುಳ್ಳೆ ಇದ್ದರೆ ಇವತ್ತೇ ಸಡಿಲ ಮಾಡಿ. ವರ್ಷಗಟ್ಟಲೆ ಎಳೆದ ಜಾಗದಲ್ಲಿ ಕೂದಲು ಮತ್ತೆ ಬಾರದೇನೂ ಇರಬಹುದು.

ಕೇಳಿದವರು

ಮೂರು ತಿಂಗಳ ಹಿಂದೆ ಡೆಂಗ್ಯೂ ಆಗಿತ್ತು! ಅದಕ್ಕೂ ಇದಕ್ಕೂ ಸಂಬಂಧ ಇರಬಹುದು ಅಂತ ಹೊಳೆದೇ ಇರಲಿಲ್ಲ. ತೋರಿಸ್ತೀನಿ. ಇನ್ನೊಂದು ತಲೆನೋವು, ಮುತ್ತೈದೆಯರು ಓರೆ ಬೈತಲೆ ತೆಗೀಬಾರದು ಅಂತ ನಮ್ಮ ಅತ್ತೆ.

ಅರವತ್ತು ದಾಟಿದವಳು, ತೀರ್ಥಹಳ್ಳಿ

ನಿಮ್ಮತ್ತೆ ಹೇಳೋದು ಎಲ್ಲಿಂದ ಬಂತು ಅಂತ ನನಗೆ ಗೊತ್ತು ಮಗಳೇ, ನಮ್ಮತ್ತೆಯೂ ಹೇಳ್ತಿದ್ದರು. ಸೀಮಂತದ ದಿವಸ ಗಂಡ ಹೆಂಡತಿಯ ಬೈತಲೆ ತೆಗೀತಾನೆ, ಅತ್ತಿಕಾಯಿ ಗೊಂಚಲು, ದರ್ಭೆ, ಮೂರು ಬಿಳಿ ಪಟ್ಟೆ ಇರೋ ಮುಳ್ಳುಹಂದಿ ಮುಳ್ಳು ಹಿಡಿದು, ಹಣೆಯಿಂದ ಮೇಲಕ್ಕೆ. ಅದು ಆ ಕರ್ಮದ ಹೊತ್ತಿಗೆ. ಬಾಕಿ ದಿನ ಬೈತಲೆ ಎಲ್ಲಿರಬೇಕು ಅಂತ ಪುರೋಹಿತರು ಯಾರೂ ನನಗೆ ಹೇಳಿದ್ದಿಲ್ಲ. ಹಬ್ಬಕ್ಕೆ, ದೇವಸ್ಥಾನಕ್ಕೆ ನಡು ಬೈತಲೆ ತೆಗೆದುಬಿಡು, ಆಫೀಸಿಗೆ ನಿನ್ನಿಷ್ಟ. ಅತ್ತೆಗೂ ಸಮಾಧಾನ, ನಿನಗೂ. ಬೈತಲೆಗೆ ಕುಂಕುಮ ಇಡೋ ರೂಢಿ ಇದ್ದು ತುರಿಕೆ ಬರ್ತಿದ್ದರೆ ಆ ಬಣ್ಣದ ಕುಂಕುಮ ಬಿಸಾಕು.

ಹೆಣ್ಣುಮಗಳ ತಂದಿ, ಧಾರವಾಡ

ನಿಮ್ಮ ಪ್ರಶ್ನೆಕ್ಕ ನೇರ ಉತ್ತರ ಅಲ್ಲರಿ ಇದು, ಆದ್ರ ಬೈತಲಿ ಅಂದಕೂಡ್ಲೆ ಸುಮ್ಮನಿರಾಕ ಆಗಲಿಲ್ಲ. ಮನ್ಯಾಗ ಮಗಳ ಹೆರಳ ಹಾಕೋದು ನನ್ನ ಕೆಲಸ, ಅಕಿ ಅವ್ವಂದು ಮುಂಜಾನೆ ಡ್ಯೂಟಿ. ಸಾಲಿಗೆ ಎರಡ ಹೆರಳ, ರಿಬ್ಬನ್ ಕಟ್ಟಿ ಮಡಚಬೇಕು. ಬೈತಲಿ ಸೊಟ್ಟ ಆತಂದ್ರ ಒಂದು ದಪ್ಪ ಒಂದು ಸಣ್ಣ ಆಗ್ತಾವ, ಅಕಿ ಸಾಲಿಗೆ ಹೋಗಂಗಿಲ್ಲ ಅಂತ ಕುಂಡ್ರತಾಳ.

ಹಣಿಯಿಂದ ಕುತ್ತಿಗಿ ತನಕ ಒಮ್ಮೆಲೆ ಎಳದ್ರ ನನಗ ಬರಂಗಿಲ್ಲ. ಮೊದ್ಲ ಹಣಿಯಿಂದ ನೆತ್ತಿ ತನಕ ತಗದು ಎರಡೂ ಕಡೆ ಕ್ಲಿಪ್ ಹಾಕತೀನಿ. ಆಮ್ಯಾಲ ಗದ್ದ ಎದಿಗೆ ಹಚ್ಚಿ ಕುಂಡ್ರವ್ವ ಅಂತೀನಿ. ತಲಿ ಬಗ್ಗಿಸಿದಾಗ ಕುತ್ತಿಗಿ ಹಿಂದ ಒಂದು ಎಲುಬು ಉಬ್ಬಿ ಕೈಗೆ ಹತ್ತತೈತಿ ನೋಡ್ರಿ, ಅದರ ನೇರಕ್ಕ ಹಣಗಿ ತುದಿ ಇಟ್ಟು ಕೆಳಗಿಂದ ಮ್ಯಾಲ ಎಳದು ನೆತ್ತಿಗೆ ಕೂಡಿಸಿಬಿಡ್ತೀನಿ. ಕೂಡೋ ಜಾಗದಾಗ ಜರಾ ಹೆಚ್ಚುಕಡಿಮಿ ಇದ್ರ ಕಾಣಂಗಿಲ್ಲ. ಅಕಿ ಕೈಯಾಗ ಏನರ ಓದಾಕ ಕೊಡ್ರಿ, ಮೊಬೈಲ್ ಕೊಡಬ್ಯಾಡ್ರಿ, ತಲಿ ಅಳ್ಳಾಡಿಸ್ತಾರ.

ಕಟಿಂಗ್ ಶಾಪ್ ಖಾಯಂ ಗಿರಾಕಿ, ತುಮಕೂರು

ಬೈತಲೆ ಎಡಕ್ಕೋ ಬಲಕ್ಕೋ ಅಂತ ಕತ್ತರಿ ಹಾಕೋ ಮುಂಚೇನೇ ಹೇಳಿ. ಅದನ್ನ ನೋಡ್ಕೊಂಡೇ ಎರಡು ಪಕ್ಕದ ಉದ್ದ ಬಿಡೋದು. ಆಮೇಲೆ ಪಕ್ಕ ಬದಲಾಯಿಸಿದ್ರೆ ಗಿಡ್ಡ ಇರೋ ಕಡೆ ಕೂದಲು ಎದ್ದು ನಿಲ್ಲತ್ತೆ. ಹೆಂಗಸರು ಮುಂದೆ ಲೇಯರ್ ಕಟ್ ಮಾಡಿಸಿದ್ರೂ ಇದೇ ಕಥೆ. ಹುಡುಗರು ಬ್ಲೇಡಲ್ಲಿ ಗೆರೆ ಹಾಕಿಸ್ತಾರಲ್ಲ, ಮೊದಲ ದಿನ ಚೆಂದ, ಒಂದು ವಾರಕ್ಕೆ ಅಲ್ಲಿ ಗಡ್ಡ ಬಂದ ಹಾಗೆ ಮೊಳೆ ಮೊಳೆ.

ಭರತನಾಟ್ಯ ಮಾಡುವವಳು, ಮೈಸೂರು

ಬೈತಲೆ ಬೊಟ್ಟಿನ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೀನಿ. ನಮಗೆ ವೇದಿಕೆ ಮೇಲೆ ನಡು ಬೈತಲೆ ಬಿಟ್ಟು ಬೇರೆ ದಾರಿಯೇ ಇಲ್ಲ, ಬೈತಲೆ ಮೇಲೆ ಬೊಟ್ಟು, ಬಲಕ್ಕೆ ಸೂರ್ಯ, ಎಡಕ್ಕೆ ಚಂದ್ರ ಕೂರಬೇಕು. ನೀವು ಹೆದರೋ ಅಗಲವನ್ನ ಆ ಸರವೇ ಮುಚ್ಚತ್ತೆ, ಅದಕ್ಕೇ ಮದುವೆ ದಿನ ನಡು ಬೈತಲೆಯೇ ನಿಮಗೆ ಲಾಭ. ಒಂದೆಳೆ ಸರದ ಬದಲು ಸ್ವಲ್ಪ ಅಗಲ ಪಟ್ಟಿ ಇರೋದು ಆರಿಸಿ. ಅಕ್ಕಪಕ್ಕ ಇನ್ನೂ ಬಿಳಿ ಕಂಡರೆ ಕೂದಲಿನದೇ ಬಣ್ಣದ, ಮಿನುಗಿಲ್ಲದ ಐಶ್ಯಾಡೋವನ್ನ ಸಣ್ಣ ಬ್ರಷ್‌ನಲ್ಲಿ ಬುರುಡೆಗೆ ತಟ್ಟಿ. ಕಾಡಿಗೆ ಬೇಡ, ಬೆವರಿಗೆ ಹಣೆಗೆ ಇಳಿಯತ್ತೆ.

ಕೊಕ್ಕೆಯನ್ನ ನಾಲ್ಕು ಎಳೆ ಕೂದಲಿಗೆ ಸಿಕ್ಕಿಸಿದರೆ ಊಟದ ಹೊತ್ತಿಗೆ ಜಾರಿ ಹುಬ್ಬಿನ ಮೇಲೆ ಬಂದಿರತ್ತೆ, ತೆಳು ಕೂದಲಿಗೆ ಎಳೆತ ಬೇರೆ. ಮೊದಲು ಬೊಟ್ಟನ್ನ ಹಣೆ ಮೇಲೆ ಇಟ್ಟು ಸರ ಹಿಂದೆ ಎಲ್ಲಿಗೆ ಮುಟ್ಟತ್ತೆ ನೋಡಿ. ಆ ಜಾಗದಲ್ಲಿ ಬೈತಲೆ ಎರಡೂ ಕಡೆಯಿಂದ ಸ್ವಲ್ಪ ಕೂದಲು ತಗೊಂಡು ಪುಟ್ಟ ಜಡೆ ಹೆಣೆದು, ಮಡಚಿ, ಎರಡು ಪಿನ್ನು ಅಡ್ಡ ಹಾಕಿ. ಕೊಕ್ಕೆ ಆ ಜಡೆಗೆ. ಸರದ ನಡುವಲ್ಲಿ ಕಪ್ಪು ದಾರದಿಂದ ಇನ್ನೊಂದು ಪಿನ್ನಿಗೆ ಕಟ್ಟಿದ್ರೆ ಬಗ್ಗಿ ಎದ್ರೂ ಅಲುಗಾಡಲ್ಲ. ಮೊಗ್ಗಿನ ಜಡೆ ಹಾಕಿಸೋದಾದ್ರೆ ಅದರ ಭಾರವೂ ತಲೆ ಮೇಲೆ ಬೀಳತ್ತೆ, ಬುಡ ಬಿಗಿಯಬೇಡಿ ಅಂತ ಮೊದಲೇ ಹೇಳಿಬಿಡಿ. ಓರೆ ಬೈತಲೆಯಲ್ಲೇ ಒಡವೆ ಬೇಕು ಅಂದ್ರೆ ಮುಸ್ಲಿಂ ಮದುಮಗಳು ತಲೆಯ ಪಕ್ಕಕ್ಕೆ ಇಡೋ ಝೂಮರ್ ಇದೆ, ತುಂಬ ಚೆಂದ, ನಿಮ್ಮಮ್ಮ ಒಪ್ಪಬೇಕಷ್ಟೆ.

ಕೇಳಿದವರು

ಅಮ್ಮ ಖಂಡಿತ ಒಪ್ಪಲ್ಲ. ಮದುವೆಗೆ ನಡು, ಉಳಿದ ದಿನ ಅಡ್ಡ ಓರೆ ಅಂತ ತೀರ್ಮಾನ. ದಾವಣಗೆರೆ ಅಕ್ಕ, ಈಗಿಂದಲೇ ಓರೆಗೆ ಅಭ್ಯಾಸ ಮಾಡಿಸಿದ್ರೆ ಮದುವೆ ದಿನ ನಡು ಬೈತಲೆ ನಿಲ್ಲದೆ ಹೋದ್ರೆ?

ಪಾರ್ಲರ್ ನಡೆಸುವವರು, ದಾವಣಗೆರೆ

ನಿಲ್ಲತ್ತೆ, ಇಷ್ಟು ವರ್ಷದ ಜಾಗ ಅದು. ಹಿಂದಿನ ದಿನ ತಲೆಗೆ ಸ್ನಾನ ಮಾಡಿ, ಒದ್ದೆಯಲ್ಲೇ ನಡುವಿಗೆ ತೆಗೆದು ಒಣಗಿಸಿ ಮಲಗಿ. ಬೆಳಿಗ್ಗೆ ಎಣ್ಣೆ ಮುಟ್ಟಿಸಬೇಡಿ, ಕೂದಲು ಜಾರಿದ್ರೆ ಪಿನ್ನು ಹಿಡಿಯಲ್ಲ. ಅಲ್ಲೀವರೆಗೆ ಓರೆ ತೆಗೆದು ಬಿಸಿಲಿಗೆ ಹೋಗುವಾಗ ಮಾತ್ರ ಸೆರಗೋ ದುಪಟ್ಟಾನೋ ತಲೆ ಮೇಲಿರಲಿ. ಇಷ್ಟು ದಿನ ಕೂದಲ ಕೆಳಗಿದ್ದ ಬುರುಡೆ ಅದು, ಮೊದಮೊದಲು ಚುರ್ ಅಂತ ಉರಿಯತ್ತೆ.